ಅಟ್ರ್ಯಾಕ್ಟಾಳ ರಕ್ತಕ್ಕೆ ಬಿಡುಗಡೆ

ಐರ್ಲೆಂಡಿನ ರೋಸ್‌ಕಾಮನ್ ಸೀಮೆಯ ಪುಟ್ಟ ಪೇಟೆಯೊಂದರಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಿದ್ದ ಅಟ್ರ್ಯಾಕ್ಟಾ ಬೇರ್ನ್‌ಗೆ ಎರಡೇ ಗೀಳು: ಮಾತು ಮತ್ತು ರಕ್ತದಾನ. ಮಾತು ಹುಟ್ಟಿನಿಂದ ಬಂದದ್ದು. ರಕ್ತದಾನ ಅಂಟಿಕೊಂಡದ್ದು ತಮ್ಮ ಮಲಾಕಿ ಟ್ರ್ಯಾಕ್ಟರಿನಡಿ ಸಿಕ್ಕಿದ ವರ್ಷ. ಮೈಯ ರಕ್ತವೆಲ್ಲ ಹೊಲದ ಪಾಲಾಗಿದ್ದವನನ್ನು ಯಾರೋ ಗುರುತಿಲ್ಲದವರ ರಕ್ತ ಬದುಕಿಸಿತ್ತು. ಅಂದಿನಿಂದ ರಕ್ತನಿಧಿಯ ವ್ಯಾನು ಬಂದಾಗಲೆಲ್ಲ ಸಭಾಭವನದ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಅವಳೇ.

ಎರಡು ಸಾವಿರದ ನಾಲ್ಕರಲ್ಲಿ ನರ್ಸು ಹೊಸದೊಂದು ಪ್ರಶ್ನೆ ಕೇಳಿದಳು: ಇಂಗ್ಲೆಂಡಿನಲ್ಲಿ ಎಂದಾದರೂ ವಾಸವಿದ್ದಿರಾ? ಇದ್ದೆ ಎಂದಳು ಅಟ್ರ್ಯಾಕ್ಟಾ. ಎಂಬತ್ತರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಆರು ವರ್ಷ ದುಡಿದಿದ್ದಳು. ಹಾಗಿದ್ದರೆ ನಿಮ್ಮ ರಕ್ತ ಬೇಡ ಎಂದರು. ಸಾಲಿನಲ್ಲಿದ್ದ ಯಾರೋ ‘ಅಂಬಾ’ ಎಂದು ಹಸುವಿನಂತೆ ಕೂಗಿದರು. ಅಟ್ರ್ಯಾಕ್ಟಾ ಜಗಳಕ್ಕೇ ನಿಂತಳು.

ಡಾಕ್ಟರು ಅವಳನ್ನು ಪಕ್ಕಕ್ಕೆ ಕೂರಿಸಿ ತಿಳಿಸಿ ಹೇಳಿದರು. ಮಿದುಳನ್ನೇ ಕೆಡಿಸುವ ಹುಚ್ಚು ಹಸುವಿನ ರೋಗ ದನದ ಮಾಂಸದ ಮೂಲಕ ಮನುಷ್ಯರಿಗೂ ಬಂದಿದೆ. ಮೈಯಲ್ಲಿ ಸೇರಿದರೆ ಸುಳಿವೇ ಕೊಡದೆ ವರ್ಷಗಟ್ಟಲೆ ಅಡಗಿರುತ್ತದೆ. ಇಂಗ್ಲೆಂಡಿನಲ್ಲಿ, ನೋಡಲು ಗಟ್ಟಿಮುಟ್ಟಾಗಿದ್ದವರೊಬ್ಬರ ರಕ್ತ ಪಡೆದವರು ಇದೇ ರೋಗದಿಂದ ಸತ್ತಿದ್ದಾರೆ.

“ನಿಮಗೆ ರೋಗ ಇದೆ ಅಂತ ಹೇಳ್ತಿಲ್ಲಮ್ಮ. ಆದ್ರೆ ಇಲ್ಲ ಅನ್ನೋಕೆ ರಕ್ತದಲ್ಲಿ ಅದನ್ನ ಕಂಡುಹಿಡಿಯೋ ಪರೀಕ್ಷೆನೇ ನಮ್ಮ ಹತ್ರ ಇಲ್ಲ.”

ಕ್ಯಾಂಟೀನಿನಲ್ಲಿ ಉಳಿದ ಅಗ್ಗದ ಕೊಚ್ಚಿದ ಮಾಂಸವನ್ನು ತಾನು ಎಷ್ಟು ತಿಂದಿದ್ದೆ ಎಂಬುದು ಅವಳಿಗೆ ನೆನಪಾಯಿತು. ಜಗಳ ಬಿಟ್ಟು ಮನೆಗೆ ಹೋದಳು. ಆಮೇಲೆ ಬಹಳ ದಿನ, ಯಾರದಾದರೂ ಹೆಸರು ಮರೆತರೆ ಸಾಕು, ಎದೆ ಝಲ್ಲೆನ್ನುತ್ತಿತ್ತು. ಆದರೆ ಸುಮ್ಮನೆ ಕೂರುವ ಜೀವವಲ್ಲ ಅದು. ತನ್ನದು ಬೇಡವಾದರೇನು, ಊರಿನದು ಬೇಕಲ್ಲ? ಕೂದಲು ಕತ್ತರಿಸಿಕೊಳ್ಳಲು ತನ್ನ ಕುರ್ಚಿಯಲ್ಲಿ ಕೂತವರನ್ನೆಲ್ಲ ಕಾಡಿ ಬೇಡಿ, ತನ್ನ ಕಾರಿನಲ್ಲೇ ಕೂರಿಸಿಕೊಂಡು ಸಭಾಭವನಕ್ಕೆ ಬಿಟ್ಟು ಬರತೊಡಗಿದಳು. ಬೇರೆಯವರ ರಕ್ತ ಪಡೆದವನೆಂದು ಮಲಾಕಿಗೂ ಬಾಗಿಲು ಮುಚ್ಚಿತ್ತು. “ನಾವಿಬ್ರೂ ಬೇಡವಾದ ಸರಕು ಕಣಕ್ಕ,” ಎಂದು ಅವನು ನಗುತ್ತಿದ್ದ.

ಹದಿನೈದು ವರ್ಷ ಕಳೆದವು. ಒಂದು ಬೆಳಿಗ್ಗೆ ಡೆಲಿಯಾ ಎಂಬ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಿರುವಾಗ ರೇಡಿಯೋ ಸುದ್ದಿ ಹೇಳಿತು: ಅಪಾಯ ತೀರಾ ಕಡಿಮೆಯಾಗಿರುವುದರಿಂದ, ಇಂಗ್ಲೆಂಡಿನಲ್ಲಿ ಇದ್ದುಬಂದವರೂ ಇನ್ನು ರಕ್ತ ಕೊಡಬಹುದು. ಅಟ್ರ್ಯಾಕ್ಟಾ ಬ್ರಷ್ಷು ಕೈಯಲ್ಲಿ ಹಿಡಿದೇ ಎದುರುಗಡೆ ಮಲಾಕಿಯ ಕಬ್ಬಿಣದ ಸಾಮಾನಿನ ಅಂಗಡಿಗೆ ಓಡಿದಳು.

“ಬಿಟ್ರು ಕಣೋ! ನನ್ನನ್ನ ಬಿಟ್ರು!”

“ಜೈಲಿಂದ ಬಂದವಳ ಥರ ಆಡ್ತೀಯಲ್ಲೇ,” ಎಂದ ಮಲಾಕಿ. ಅವನ ಕಣ್ಣೂ ತುಂಬಿತ್ತು. ಸಲೂನಿನ ಬಾಗಿಲಲ್ಲಿ ನಿಂತ ಡೆಲಿಯಾ, ತನ್ನ ತಲೆಯ ಗತಿಯೇನೆಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು.

ವ್ಯಾನು ಬಂದ ದಿನ ಬೆರಳು ಚುಚ್ಚಿ ನೋಡಿದರು, ಕಬ್ಬಿಣಾಂಶ ಸರಿಯಿತ್ತು. ನಾಡಿ ಮಾತ್ರ ಕುದುರೆಯಾಗಿತ್ತು. ಇಷ್ಟು ವೇಗವಿದ್ದರೆ ತೆಗೆದುಕೊಳ್ಳುವಂತಿಲ್ಲ, ಸ್ವಲ್ಪ ಹೊತ್ತು ಮಾತಾಡದೆ ಕೂತಿರಿ ಎಂದಳು ನರ್ಸು. ಅಟ್ರ್ಯಾಕ್ಟಾ ತುಟಿ ಬಿಗಿಹಿಡಿದು ಕೂತಳು. ಸಾಲಿನಲ್ಲಿದ್ದವರೆಲ್ಲ ಅವಳೇ ಕರೆತಂದವರು. ಅವಳು ಮೌನವಾಗಿದ್ದದ್ದನ್ನು ಅವರು ಕಂಡದ್ದು ಅದೇ ಮೊದಲು, ಒಬ್ಬೊಬ್ಬರೇ ಮುಸಿಮುಸಿ ನಗತೊಡಗಿದರು.

ನಾಡಿ ಇಳಿಯಿತು. ಸೂಜಿ ಒಳಹೋಯಿತು. ಮುಂಗೈಗೆ ತಾಗಿದ್ದ ಕೊಳವೆ ಬೆಚ್ಚಗಾದದ್ದು ಅವಳಿಗೆ ಗೊತ್ತಾಯಿತು. ಚೀಲ ತುಂಬುವವರೆಗೂ ಅವಳು ಅದರ ಮೇಲಿನ ಕಣ್ಣು ಕೀಳಲಿಲ್ಲ.