ಎಡಗಡೆಯ ಗಾಲಿ

ಕಾಶವ್ವಾ, ನಿನ್ನ ತಾಯಿಯ ಸಾವಿಗೆ ಕಾರಣ ನಿನ್ನ ತಂದೆಯಲ್ಲ. ಆ ಟ್ರಕ್ಕಿನ ಗಾಲಿ ಕಳಚಿ ಬೀಳುವ ಹಾಗೆ ಮಾಡಿದವನು ನಾನು — ನೀನು ಕಾಕಾ ಎಂದು ಕರೆಯುವ, ಹಬ್ಬಕ್ಕೆ ಬಂದಾಗ ಕಾಲು ಮುಟ್ಟಿ ನಮಸ್ಕರಿಸುವ ಈ ಮಾಳಪ್ಪ. ಮಾಡಿದ್ದು ನಾನು, ಹೊರಿಸಿದ್ದು ಅವನ ಮೇಲೆ. ಇದನ್ನು ಸ್ವಲ್ಪ ಮೆತ್ತಗೆ ಹೇಳುವ ದಾರಿಯನ್ನು ಎಷ್ಟೋ ವರ್ಷ ಹುಡುಕಿದೆ. ಸಿಗಲಿಲ್ಲ.

ನಿನ್ನ ಮದುವೆಯ ದಿನ ನಿನ್ನ ಆಯಿ, ನಿನ್ನ ತಾಯಿಯ ಹೆತ್ತವ್ವ, ನನ್ನ ಕೈ ಹಿಡಿದು, "ಮಾಳಪ್ಪಾ, ತಂದಿ ಜಾಗಾದಾಗ ನೀನ ನಿಂದ್ರು. ಆ ಪಾಪಿ ನೆರಳು ನನ್ನ ಕೂಸಿನ ಮ್ಯಾಲ ಬೀಳೂದು ಬ್ಯಾಡ" ಅಂದಳು. ನಾನು ನಿಂತೆ. ನಿನ್ನ ಕೈಯನ್ನು ಅಳಿಯನ ಕೈಯಲ್ಲಿಟ್ಟೆ. ಬಾಯಿ ಬಿಡಬೇಕಾಗಿದ್ದರೆ ಅವತ್ತೇ — ಆದರೆ ಜನ ಅಕ್ಷತೆ ಹಿಡಿದು ಕಾಯುತ್ತಿದ್ದರು, ನೀನು ನನ್ನ ಮುಖ ನೋಡಿ ನಕ್ಕೆ, ನಾನು ಸುಮ್ಮನಾದೆ. ಆ ಹೊತ್ತಿನಲ್ಲಿ ನಿನ್ನ ತಂದೆ ನಾಗಣಸೂರದ ಅಡವಿಯಲ್ಲಿ ಕುರಿ ಮೇಯಿಸುತ್ತಿದ್ದ. ಮಗಳ ಮದುವೆಯೆಂಬುದು ಅವನಿಗೆ ಗೊತ್ತಿತ್ತು.

ನಿನ್ನ ತಂದೆ ಬೀರಪ್ಪ ಮತ್ತು ನಾನು ಒಂದೇ ಓಣಿಯಲ್ಲಿ ಬೆಳೆದವರು. ಇಬ್ಬರ ಮನೆಯಲ್ಲೂ ಕುರಿ, ಇಬ್ಬರ ಮನೆದೇವರೂ ಬೀರೋಬಾ. ಒಟ್ಟಿಗೇ ಸೊಲ್ಲಾಪುರಕ್ಕೆ ಹೋದೆವು. ಅವನು ಒಬ್ಬ ಸೇಠನ ಟ್ರಕ್ಕಿಗೆ ಡ್ರೈವರನಾದ, ನಾನು ಆ ಟ್ರಕ್ಕು ದುರಸ್ತಿಗೆ ಬರುತ್ತಿದ್ದ ಗ್ಯಾರೇಜಿನಲ್ಲಿ ಫಿಟರನಾದೆ. ಏರು ಹತ್ತುವಾಗ ಅವನು ಟ್ರಕ್ಕಿಗೆ, ಕುರಿಗೆ ಹೇಳಿದ ಹಾಗೆ, "ನಡಿ ನಡಿ, ನನ್ನವ್ವ" ಅನ್ನುತ್ತಿದ್ದ. ನಿನ್ನ ತಾಯಿ ಭೌರವ್ವ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಆಗ ನಿನಗೆ ಮಾತು ಬರುತ್ತಿದ್ದ ವಯಸ್ಸು. ನಿನ್ನನ್ನು ಅಕ್ಕಲಕೋಟೆಯಲ್ಲಿ ಆಯಿಯ ಹತ್ತಿರ ಬಿಟ್ಟು, ಗಂಡನ ಜೊತೆ ಕೆಲವು ದಿನ ಇರಲೆಂದು ಅವಳು ಸೊಲ್ಲಾಪುರಕ್ಕೆ ಬಂದಿದ್ದಳು.

ಟ್ರಕ್ಕಿನ ಹಿಂದಿನ ಎಕ್ಸಲ್ ಮುರಿಯಿತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿಗಳ ಸಾಮಾನು ಆ ಕಾಲದಲ್ಲಿ ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಸೇಠ ಅಲ್ಲಿಂದ ಒಂದು ಎಕ್ಸಲ್ ತರಿಸಿದ. ಅದನ್ನು ಕೂಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಾಲಿ. ಗಾಲಿಯನ್ನು ಹಿಡಿದಿಡುವ ಬೋಲ್ಟಿನಂಥ ಸ್ಟಡ್ಡುಗಳು ಆ ಎಕ್ಸಲ್ಲಿನ ಜೊತೆಗೇ ಬಂದಿದ್ದವು. ನಮ್ಮ ಹಳೆಯ ನಟ್ಟುಗಳು ಅವುಗಳ ಮೇಲೆ ಕೂರಲೇ ಇಲ್ಲ, ನಟ್ಟು ಸುತ್ತಿಕೊಳ್ಳುವ ಗೀರು ಬೇರೆ. ಮಿಲಿಟರಿ ನಟ್ಟುಗಳೇನೋ ಸುತ್ತಿಕೊಂಡವು. ಆದರೆ ಅವುಗಳ ಮೂತಿ ದುಂಡಗೆ, ನಮ್ಮ ಗಾಲಿಯ ತೂತುಗಳ ಬಾಯಿ ಇಳಿಜಾರಾಗಿ ಕೊರೆದದ್ದು. ಒಂದರೊಳಗೊಂದು ಕೂಡುವುದಿಲ್ಲ, ಅಂಚಿಗೆ ತಾಗಿ ನಿಲ್ಲುತ್ತದೆ. ಅಷ್ಟೇ ಸಾಕು — ಭಾರ ಬಿದ್ದಾಗ ಅಲುಗುತ್ತದೆ, ಅಲುಗಿ ಅಲುಗಿ ಬಿಚ್ಚುತ್ತದೆ.

ಇದಕ್ಕೆ ಉಪಾಯ ನನಗೆ ಗೊತ್ತಿತ್ತು. ಬಲಗಡೆ ಅದನ್ನೇ ಮಾಡಿದ್ದೆ: ಆ ಸ್ಟಡ್ಡುಗಳನ್ನೆಲ್ಲ ಹೊಡೆದು ತೆಗೆದು, ನಮ್ಮ ನಟ್ಟಿಗೆ ಹೊಂದುವ ಸ್ಟಡ್ಡುಗಳನ್ನು ಲೇಥಿನಲ್ಲಿ ಮಾಡಿಸಿ ಹಾಕಿದ್ದೆ. ಎಡಗಡೆಯ ಸ್ಟಡ್ಡು ಇನ್ನೂ ತಯಾರಾಗಿರಲಿಲ್ಲ. ಲೇಥಿನವನು ಮರುದಿನ ಕೊಡುತ್ತೇನೆ ಅಂದ.

ಮರುದಿನ. ಒಂದು ದಿನ ಕಾದಿದ್ದರೆ ಆಗುತ್ತಿತ್ತು. ಸೇಠ ಅವಸರ ಮಾಡಿದನೇ? ಇಲ್ಲ. ಅವಸರ ನನ್ನದು. ಅವತ್ತು ಮಧ್ಯಾಹ್ನ ಮಂಗಳವೇಢೆಯಲ್ಲಿ ನನಗೆ ಹೆಣ್ಣು ನೋಡುವುದಿತ್ತು. ನಮ್ಮವ್ವ ಹೊಸ ಸೀರೆ ಉಟ್ಟು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಕೆಲಸ ಮುಗಿಸಿಯೇ ಹೋಗು ಎಂದು ಗ್ಯಾರೇಜಿನ ಮಾಲೀಕ ಹೇಳಿದ್ದ. ನಾನು ಮುಗಿಸಿದೆ. ಎಡಗಡೆಗೆ ಮಿಲಿಟರಿ ನಟ್ಟುಗಳನ್ನೇ ಹಾಕಿ, ಅಡಿಯಲ್ಲಿ ವಾಷರ್ ಕೊಟ್ಟು, ನಟ್ಟು ತಿರುಗಿಸುವ ಪಾನಾದ ಹಿಡಿಕೆಯ ಮೇಲೆ ನಿಂತು ಬಿಗಿದೆ. ನಟ್ಟು ಬಿಗಿಯಾಯಿತು. ಗಾಲಿ ಬಿಗಿಯಾಗಿಲ್ಲ ಎಂಬುದು ನನ್ನ ಕೈಗೆ ಗೊತ್ತಿತ್ತು, ಕಾಶವ್ವಾ. ಕೈಗೆ ಗೊತ್ತಿತ್ತು.

ಬೀರಪ್ಪ ಬಗ್ಗಿ ನೋಡಿದ. "ಎಡಗಡೀವು ಬ್ಯಾರೇನ ಕಾಣ್ತಾವಲ್ಲೋ?"

"ಮಿಲಿಟರಿ ಮಾಲ ಐತಿ. ಬರೋಬರ ಆಗೇತಿ, ಹೋಗು" ಅಂದೆ.

ಅಷ್ಟೇ ಮಾತು. ಅಕ್ಕಲಕೋಟೆಗೆ, ನಿನ್ನ ಹತ್ತಿರ ಮರಳಲೆಂದು ಭೌರವ್ವ ಕ್ಯಾಬಿನ್ನಿನಲ್ಲಿ ಎಡಗಡೆ ಹತ್ತಿ ಕೂತಿದ್ದಳು. ನಿನಗೆಂದು ಕೊಂಡ ಕೆಂಪು ಕುಲಾಯಿಯನ್ನು ಎತ್ತಿ ತೋರಿಸಿ, "ನಿಮ್ಮ ಕೆಲಸ ಹಣ್ಣಾಗಲಿ, ಮೈದುನಾ" ಎಂದು ಹರಸಿದಳು. ನಾನು ಕೈ ತೊಳೆಯಲು ಓಡಿದೆ.

ಮಂಗಳವೇಢೆಯಲ್ಲಿ ಹುಡುಗಿ ಒಪ್ಪಿಗೆಯಾದಳು. ನಾವು ಅವಲಕ್ಕಿ ತಿನ್ನುತ್ತ ನಗುತ್ತ ಕೂತಿದ್ದಾಗ, ಅಕ್ಕಲಕೋಟೆ ಇನ್ನೇನು ಬಂತು ಅನ್ನುವಲ್ಲಿ ಎಡಗಡೆಯ ಹಿಂದಿನ ಗಾಲಿ ಕಳಚಿಕೊಂಡಿತು. ಟ್ರಕ್ಕು ಎಡಕ್ಕೆ ಮಗುಚಿತು. ನಿನ್ನ ತಂದೆಯ ಕೈ ಮುರಿಯಿತು. ನಿನ್ನ ತಾಯಿ ಆ ಕಡೆಯೇ ಇದ್ದಳು.

ಮರುದಿನ ನನ್ನನ್ನು ಅಲ್ಲಿಗೆ ಕರೆಸಿದರು. ಗಾಲಿಯ ತೂತುಗಳು ಸವೆದು ಮೊಟ್ಟೆಯಾಕಾರವಾಗಿದ್ದವು, ಸ್ಟಡ್ಡುಗಳ ಗೀರು ನುಣ್ಣಗಾಗಿತ್ತು. ನೋಡಿದ ತಕ್ಷಣ ತಿಳಿಯಿತು. ನಟ್ಟು ಹೇಗೆ ಬಿಚ್ಚಿದವು ಎಂದು ಪೊಲೀಸ್ ಜಮಾದಾರ ಕೇಳಿದ. ಸುತ್ತ ಜನ, ಮರದ ಕೆಳಗೆ ಕೈಗೆ ಬಟ್ಟೆ ಸುತ್ತಿಕೊಂಡ ಬೀರಪ್ಪ, ಅವನ ಎದುರು ನಿನ್ನನ್ನು ಎತ್ತಿಕೊಂಡ ಆಯಿ.

"ಗಾಲಿ ಬಿಚ್ಚಿ ಹಾಕಿದ ಮ್ಯಾಲ ದಾರ್ಯಾಗ ಒಮ್ಮಿ ನಿಂದ್ರಿಸಿ ಬಿಗೀಬೇಕ್ರಿ" ಅಂದೆ. "ಅದು ಡ್ರೈವರನ ಕೆಲಸಾ."

ಇದರಲ್ಲಿ ಸುಳ್ಳಿಲ್ಲ ನೋಡು. ಬಿಗಿಯುವುದು ರೂಢಿ. ನಿಜದ ಒಂದು ತುಂಡನ್ನು ಮುರಿದುಕೊಂಡು ನಾನು ಅದರ ಹಿಂದೆ ಅಡಗಿದೆ. ಜಮಾದಾರ ನಿನ್ನ ತಂದೆಯ ಕಡೆ ತಿರುಗಿದ. ಅವನು ತಲೆ ಎತ್ತಲಿಲ್ಲ. "ಹೌದ್ರಿ. ನಾ ನಿಂದ್ರಿಸಲಿಲ್ಲ" ಅಂದ. ಆಯಿ ನಿನ್ನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಬಿಟ್ಟಳು. ಆಮೇಲೆ ಅವನು ಅಕ್ಕಲಕೋಟೆಯ ಬಾಗಿಲಿಗೆ ಎಷ್ಟೋ ಸಲ ಬಂದ, ಬಾಗಿಲು ತೆರೆಯಲಿಲ್ಲ. ಕೊನೆಗೆ ಬರುವುದನ್ನು ಬಿಟ್ಟ. ಸ್ಟಿಯರಿಂಗ್ ಮುಟ್ಟಲಿಲ್ಲ, ಊರಿಗೆ ಹೋಗಿ ಅಪ್ಪನ ಕುರಿಗಳ ಹಿಂದೆ ನಡೆದ.

ನಾನು ಮದುವೆಯಾದೆ. ಮಕ್ಕಳಾದವು. ನಿನಗೆ ಬಟ್ಟೆ ತಂದೆ, ಶಾಲೆಗೆ ಹಾಕಿಸಿದೆ. ಬೀರಪ್ಪನ ದೋಸ್ತನಾಗಿದ್ದೂ ಇಷ್ಟು ಒಳ್ಳೆಯವನು ಎಂದು ಆಯಿ ಊರ ತುಂಬ ಹೇಳಿದಳು. ಆ ಹೊಗಳಿಕೆಯನ್ನು ಕೇಳಿಕೊಂಡು ಊಟ ಮಾಡಿದ್ದೇನೆ.

ಆಯಿ ತೀರಿಕೊಂಡ ಮೇಲೆ ಬೀರಪ್ಪನ ಹತ್ತಿರ ಹೋದೆ. ಅವನು ಒಂದು ಕುರಿಯ ಗೊರಸು ಕೆತ್ತುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಕುರಿಯ ಕಾಲು ಬಿಡಲಿಲ್ಲ. ಗೊರಸು ಕೆತ್ತುತ್ತಲೇ ಕೇಳಿದ, "ಸಪ್ಪಳಾ ಕೇಳಿದ ಕೂಡ್ಲೆ ನಾ ನಿಂದ್ರಿಸಿದ್ರ ಆಕಿ ಉಳೀತಿದ್ಳೇನು?"

ಇಲ್ಲ ಅನ್ನಬಹುದಿತ್ತು. ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಮತ್ತೊಮ್ಮೆ ಅವನಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಉಳೀತಿದ್ಳು" ಅಂದೆ.

"ಸಪ್ಪಳಾ ನಾ ಕೇಳಿದ್ದೆ. ಆಕೀನೂ ಕೇಳಿದ್ಳು. ಗಾಲಿ ಯಾಕ ಹಂಗ ಬಡೀತೈತಿ, ನಿಂದ್ರಸ್ರಿ ಅಂದ್ಳು." ಅವನು ಕುರಿಯನ್ನು ಬಿಟ್ಟ. "ಮಾಳಪ್ಪ ಮಾಡ್ಯಾನ, ಏನೂ ಆಗೂದಿಲ್ಲ ಅಂದೆ."

ಅವತ್ತು ಜಮಾದಾರನ ಮುಂದೆ ಇದನ್ನು ಅವನು ಹೇಳಬಹುದಿತ್ತು. ನನ್ನ ಹೆಸರು ಅವನ ಬಾಯಲ್ಲಿತ್ತು, ಅವನು ಹೊರಗೆ ಬಿಡಲಿಲ್ಲ. ಇಷ್ಟು ವರ್ಷ ನನ್ನನ್ನು — ಇದನ್ನು ಹೇಗೆ ಮುಗಿಸಲಿ, ಕಾಶವ್ವಾ, ನನಗೆ ತಿಳಿಯುವುದಿಲ್ಲ.

ಅವನು ಬೈಯಲಿಲ್ಲ. "ಅತ್ತಿ ಇದ್ದಾಗ ಯಾಕ ಬರಲಿಲ್ಲ?" ಎಂದು ಕೇಳಿದ. "ಹೋಗು, ಕೂಸಿಗಾದ್ರೂ ಹೇಳು" ಅಂದವನು ಕುರಿಗಳ ಕಡೆ ನಡೆದುಬಿಟ್ಟ. ನಿನ್ನನ್ನು ಅವನು ಇನ್ನೂ ಕೂಸು ಅನ್ನುತ್ತಾನೆ.

ಹೇಳಿದೆ. ಕ್ಷಮಿಸು ಎಂದು ಕೇಳಲು ಬಂದಿಲ್ಲ. ಇನ್ನು ಮೇಲೆ ನಿನ್ನ ಬಾಗಿಲಿಗೆ ನಾನಾಗಿ ಬರುವುದೂ ಇಲ್ಲ. ಅವನ ಮಂದೆ ಈಗ ನಾಗಣಸೂರದ ಹಳ್ಳದ ಆಚೆ, ಜೋಳ ಕೊಯ್ದ ಹೊಲದಲ್ಲಿ ಇಳಿದಿದೆ. ಬಸ್ಸಿನಿಂದ ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅವನ ಕಣ್ಣು ಮಂಜಾಗಿದೆ, ನೀನು ದೊಡ್ಡವಳಾದ ಮೇಲೆ ಅವನು ನಿನ್ನನ್ನು ಕಂಡೂ ಇಲ್ಲ, ಗುರುತು ಹಿಡಿಯಲಿಕ್ಕಿಲ್ಲ. ಹತ್ತಿರ ಹೋಗಿ ಹೆಸರು ಹೇಳು.