ತಟ್ಟೆಯಕ್ಕ ಮತ್ತು ಇಳಿಯದ ಹಸಿರು

ತಟ್ಟೆಯಕ್ಕನೊಂದಿಗೆ ಮೊದಲ ಮಾತುಕತೆ ಕುದುರಿಸಿದವರು ಅವರ ನಾದಿನಿ. ನಾನು ಓದಲು ಹೋಗುವ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಆಕೆ, ಫೋನಿನಲ್ಲಿ ಎರಡು ಸಲ 'ಆಗಲ್ಲ' ಎನ್ನಿಸಿಕೊಂಡ ನನ್ನನ್ನು ನೇರ ಮನೆಗೇ ಕರೆದೊಯ್ದರು. "ನೀವು ಹೇಳಿ ಅತ್ತಿಗೆ, ನಾನು ಬಾಯಿ ಹಾಕಲ್ಲ" ಎಂದರು. ಹಾಕಿದರು.

ಹೃದಯದ ಜೀವಕೋಶಗಳನ್ನು ಪುಟ್ಟ ಗಾಜಿನ ತಟ್ಟೆಗಳಲ್ಲಿ ಸಾಕುವುದು ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಟ್ಟೆಯಕ್ಕನ ಕೆಲಸ. ಅಡ್ಡಹೆಸರು ಬಂದದ್ದೂ ಅದರಿಂದ. ಈ ಕೋಶಗಳಿಗೆ ಬಣ್ಣ ಹಾಕಬೇಕಿಲ್ಲ. ತಕ್ಕ ಬೆಳಕು ಬಿಟ್ಟರೆ ತಾವಾಗಿಯೇ ನೀಲಿಯಾಗಿ, ಹಸಿರಾಗಿ ಮಿನುಗುತ್ತವೆ. ಆಮ್ಲಜನಕ ತಗ್ಗಿಸಿದರೆ ನೀಲಿ ಏರಬೇಕು, ಹಸಿರು ಇಳಿಯಬೇಕು. ಕೋಶ ತನ್ನ ಆಹಾರವನ್ನು ಹೇಗೆ ಶಕ್ತಿಯಾಗಿಸುತ್ತಿದೆ ಎಂಬುದನ್ನು ಪ್ರಯೋಗಾಲಯ ಓದುವುದು ಈ ಏರಿಳಿತದಲ್ಲೇ.

ಒಂದು ವರ್ಷ ವಾರಗಟ್ಟಲೆ ಹಸಿರು ಇಳಿಯಲೇ ಇಲ್ಲ. ಸೂಕ್ಷ್ಮದರ್ಶಕದ ದೀಪ ಬದಲಾಯಿತು, ಗಾಜು ಬದಲಾಯಿತು. ಕೊನೆಗೆ ಅಳತೆ ತೆಗೆಯುವ ವಿದ್ಯಾರ್ಥಿನಿಯ ಕೈಯೇ ಸರಿಯಿಲ್ಲವೆಂದಾಯಿತು. ತಟ್ಟೆಯಕ್ಕನಿಗೆ ಆಗ ತಮ್ಮ ಕೈಯ ಮೇಲೇ ಅನುಮಾನ. ಕೋಶಗಳು ಬೆಳೆಯುವ ಕೆಂಪು ಪೋಷಕ ದ್ರವವನ್ನು ಅಳತೆಗೆ ಮೊದಲು ಉಪ್ಪುನೀರಿನಿಂದ ಮೂರು ಸಲ ತೊಳೆದು ತೆಗೆಯಬೇಕು. ಪ್ರತಿ ಸಲವೂ ಒಂದಷ್ಟು ಕೋಶಗಳು ಕಿತ್ತುಬರುವುದನ್ನು ನೋಡಲಾರದೆ ಅವರು ಕೆಲವು ವಾರಗಳಿಂದ ಒಂದಕ್ಕೇ ನಿಲ್ಲಿಸಿದ್ದರು. ದಾಖಲೆ ಪುಸ್ತಕದಲ್ಲಿ ಮಾತ್ರ ಕೈ ರೂಢಿಯಂತೆ ಮೂರು ಗೀಟು ಎಳೆಯುತ್ತಿತ್ತು. ಕೋಶವೇ ಇಲ್ಲದ ತಟ್ಟೆಯಲ್ಲಿ ಬರೀ ದ್ರವ ಹುಯ್ದು ನೋಡಿದರು. ಅದರಲ್ಲಿದ್ದ ಒಂದು ವಿಟಮಿನ್ನೇ ಹಸಿರಾಗಿ ಹೊಳೆಯುತ್ತಿತ್ತು; ತೊಳೆಯದೆ ಉಳಿದ ದ್ರವವೇ ಅಳತೆ ಕೆಡಿಸಿತ್ತು.

ಹೇಳಿದರೆ ತಟ್ಟೆಗಳು ಕೈತಪ್ಪುವುದು ಖಚಿತ. ಆದರೂ ಮುಖ್ಯಸ್ಥೆಯ ಕೋಣೆಗೆ ಹೋದರು.

"ಮೇಡಂ, ತಪ್ಪು ಆ ಹುಡುಗೀದಲ್ಲ. ನಾನು ಒಂದೇ ಸಲ ತೊಳೀತಿದ್ದೆ."

"ಮೂರು ಅಂತ ಬರೆದಿದೆಯಲ್ಲ?"

"ಬರೆದಿದ್ದೂ ನಾನೇ."

ತಟ್ಟೆಯಕ್ಕ ಇಷ್ಟು ಹೇಳುವಾಗ ನಾದಿನಿ ನಡುವೆ ಬಾಯಿ ಹಾಕಿದರು. "ಮನೇಲಿ ಪಾತ್ರೆನೂ ಒಂದೇ ಸಲ ಅದ್ದಿ ಎತ್ತೋರು ಇವ್ರು. ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಮರುದಿನದಿಂದ ತಟ್ಟೆಯಕ್ಕನಿಗೆ ಸೀಸೆ ತೊಳೆಯುವ ಕೆಲಸ. ಇತ್ತ ಬೇರೆಯವರು ಮೂರು ಸಲ ತೊಳೆದರೆ ತಟ್ಟೆಯಲ್ಲಿ ಕೋಶಗಳೇ ಉಳಿಯುತ್ತಿರಲಿಲ್ಲ. ಎರಡನೆಯ ವಾರ ಆ ವಿದ್ಯಾರ್ಥಿನಿಯೇ ಬಂದು ಉಪಾಯ ಕೇಳಿದಳು. ಉಪ್ಪುನೀರನ್ನು ಮೈಬಿಸಿಗೆ ತಂದು, ಕೋಶಗಳ ಮೇಲೆ ಬೀಳದಂತೆ ತಟ್ಟೆಯ ಅಂಚಿನಿಂದ ತೊಟ್ಟುತೊಟ್ಟಾಗಿ ಇಳಿಬಿಡುವುದನ್ನು ಇವರು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಮೂರು ಸಲ ತೊಳೆದಾಗ ಒಂದಷ್ಟು ಮಾತ್ರ ಕಿತ್ತುಬಂದವು, ಉಳಿದ ಕೋಶಗಳು ಕದಲಲಿಲ್ಲ. ಆಮ್ಲಜನಕ ತಗ್ಗಿಸಿದಾಗ ಹಸಿರು ಇಳಿಯಿತು. ಹುಡುಗಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳಂತೆ.

ಮುಖ್ಯಸ್ಥೆ ಅಳತೆಯ ಗೆರೆಗಳನ್ನು ಎರಡು ಸಲ ನೋಡಿ, "ತೊಳೆಯೋದು ನೀವೇ ತೊಳೀರಿ. ಗೀಟು ಅವಳು ಎಳೀಲಿ" ಎಂದರು.

ಪ್ರಯೋಗಾಲಯದ ಪುಸ್ತಕವನ್ನು ನಾನು ಖುದ್ದಾಗಿ ನೋಡಿದ್ದೇನೆ. ಏಳು ವಾರಗಳ ಹಸಿರು ಅಳತೆಗಳನ್ನು ರದ್ದುಗೊಳಿಸಿದ್ದು 2017ರ ಆಗಸ್ಟ್ 9ರಂದು. ತಟ್ಟೆಗಳ ಹೊಣೆ ಅವರಿಗೆ ಮರಳಿದ್ದು ಅದೇ ತಿಂಗಳ 23ರಂದು, ಬುಧವಾರ.