ಒಂದೇ ಕಾಲಿನ ಕೆಂಪು ಹೆಜ್ಜೆಗಳು

ನಾನು ನಿವೃತ್ತನಾದ ಮರುವರ್ಷದ ಶ್ರಾವಣದಲ್ಲಿ ಇದು ನಡೆಯಿತು. ನಾಗರಪಂಚಮಿಗೆ ಮೊದಲು ಎಂದು ಬಹುಕಾಲ ನಂಬಿದ್ದೆ. ಹಳೆಯ ಪಂಚಾಂಗವನ್ನೂ ಆಗಿನ ಬಸ್ ಟಿಕೆಟನ್ನೂ ಜೊತೆಗಿಟ್ಟು ನೋಡಿದಾಗ, ಹಬ್ಬ ಕಳೆದ ಮೇಲೆಯೇ ಎಂಬುದು ಖಚಿತವಾಯಿತು.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಮಾಜಿ ಕುಸ್ತಿಪಟುಗಳ ಆರೋಗ್ಯವನ್ನು, ಎಂದೂ ಕುಸ್ತಿ ಆಡದವರ ಆರೋಗ್ಯದೊಡನೆ ಹೋಲಿಸುವ ಕೆಲಸವನ್ನು ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ಅದಕ್ಕಾಗಿಯೇ ಗಡಹಿಂಗ್ಲಜದ ಶಿವಲಿಂಗಪ್ಪ ಪೈಲವಾನರ ಮನೆಗೆ ಹೋಗಿದ್ದೆ. ಅವರು ಕೊಲ್ಹಾಪುರದ ತಾಲೀಮಿನಲ್ಲಿ, ಎಂದರೆ ಗರಡಿಯಲ್ಲಿ, ಬೆಳೆದವರು. ಭುಜ ಮುರಿದು ಕುಸ್ತಿ ನಿಂತಿತ್ತು. ಹಾಲು, ತುಪ್ಪ, ಬಾದಾಮಿ ನಿಂತಿರಲಿಲ್ಲ. ಕುಸ್ತಿಯನ್ನೇ ಆಡದ ಅವರ ತಮ್ಮ ಬಸಣ್ಣ ದಿನವಿಡೀ ಎಮ್ಮೆಗಳ ಹಿಂದೆ ನಡೆದು ತೆಳ್ಳಗೆ, ಗಟ್ಟಿಯಾಗಿದ್ದ.

ಪೈಲವಾನರು ತಾಲೀಮಿನ ಕೆಂಪು ಮಣ್ಣನ್ನು ತಂದು ಹಿತ್ತಲಲ್ಲಿ ಚಿಕ್ಕ ಅಖಾಡ ಮಾಡಿಕೊಂಡಿದ್ದರು. ಬೆಳಿಗ್ಗೆ ಬರಿಗಾಲಲ್ಲಿ ಅದರೊಳಗೆ ನಿಂತು ಬರುವುದಷ್ಟೇ ಅವರ ವ್ಯಾಯಾಮ.

ಪಡಸಾಲೆಯ ಫರಸಿಕಲ್ಲಿನ ನೆಲದ ಮೇಲೆ ಕೆಂಪು ಹೆಜ್ಜೆಗಳಿದ್ದವು. ಅವರ ಹೆಂಡತಿ ಗಂಗವ್ವ ಹಳೆಯ ಕೆಂಪು ಸೀರೆಯ ತುಂಡಿನಿಂದ ಒರೆಸುತ್ತಿದ್ದರು.

"ಪೈಲವಾನರ ಹೆಜ್ಜಿ ಒರಸೂದ್ರಾಗ ನನ್ನ ಜಲ್ಮ ಹೋತ್ರಿ."

"ಒರಸ್ಲಿ ಬಿಡ್ರಿ ಸಾಹೇಬ್ರ, ಅಕಿಗೂ ವ್ಯಾಯಾಮ ಆಗ್ತೈತಿ," ಎಂದರು ಪೈಲವಾನರು.

ಹಿತ್ತಲ ಬಾಗಿಲಿನಿಂದ ನೋಡಿದೆ. ಅಖಾಡವನ್ನು ತಾಡಪತ್ರಿ ಮುಚ್ಚಿತ್ತು; ಅದರ ಮೇಲೆ ನಿಂತ ಮಳೆನೀರಿನಲ್ಲಿ ಹುಳುಗಳು ಆಡುತ್ತಿದ್ದವು. ಪೈಲವಾನರು ಕೊನೆಯದಾಗಿ ಅಖಾಡಕ್ಕೆ ಇಳಿದದ್ದು ಯಾವಾಗ ಎಂದು ವಿಚಾರಿಸಿದೆ.

ಗಂಗವ್ವ ದನಿ ತಗ್ಗಿಸಿದರು. "ಮಳಿ ಹತ್ತಿದಾಗಿಂದ ಇಳದೇ ಇಲ್ರಿ. ಆದ್ರೂ ಪಂಚಮಿ ಆದಾಗಿಂದ ಮುಂಜಾನೆ ಎದ್ದು ನೋಡಿದ್ರ ಹೆಜ್ಜಿ ಮೂಡಿರ್ತಾವ. ಯಾರಿಗೂ ಹೇಳಿಲ್ರಿ."

"ತಾಲೀಮ ಕರಿಯಾಕತ್ತೈತಿ," ಎಂದರು ಪೈಲವಾನರು, ಶಾಂತವಾಗಿ. "ಕರೀಲಿ. ನನಗ ಕುಸ್ತಿ ಕಲಿಸಿದ ವಸ್ತಾದರನೂ ಹಿಂಗ ಕರಕೊಂಡ ಹೋತು."

ಮತ್ತೆ ನೆಲ ನೋಡಿದೆ. ಒರೆಸದೆ ಉಳಿದಿದ್ದ ಹೆಜ್ಜೆಗಳೆಲ್ಲ ಎಡಗಾಲಿನವು. ಬಲಗಾಲಿನದು ಒಂದೂ ಇರಲಿಲ್ಲ.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಮ್ಮಡಿಗಳನ್ನು ಸ್ಟೂಲಿನ ಮೇಲಿಡಿಸಿ, ಕಣ್ಣು ಮುಚ್ಚಿಕೊಂಡು, ಪಾದಕ್ಕೆ ಏನಾದರೂ ತಾಗಿದರೆ ತಿಳಿಸಲು ಹೇಳಿದೆ. ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವ ನೈಲಾನ್ ಎಳೆಯನ್ನು ಚೀಲದಿಂದ ತೆಗೆದೆ. ಇನ್ನೂ ಮುಟ್ಟಿಸಿರಲಿಲ್ಲ.

"ಹತ್ತೇತ್ರಿ," ಎಂದರು. "ಮಣ್ಣು ಭಾಳ ತಂಪ ಐತಿ."

ಅಂಗಾಲುಗಳ ಮುಂದೆ ಗಾಳಿಯ ಹೊರತು ಏನೂ ಇರಲಿಲ್ಲ.

ಎಡಪಾದದತ್ತ ಬಾಗಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಹಸಿರು ಗಾಜಿನ ಚೂರೊಂದು ಹೂತುಹೋಗಿತ್ತು. ಸುತ್ತ ಕೀವು, ರಕ್ತ. ಪಕ್ಕದಲ್ಲಿ ಒತ್ತಿದೆ. ಪೈಲವಾನರ ಮುಖದ ಮುಗುಳ್ನಗೆ ಕದಲಲಿಲ್ಲ.

ಗಂಗವ್ವ ತಮ್ಮ ಕೈ ನೋಡಿಕೊಂಡರು. "ಪಂಚಮಿಗೆ ಇಟಗೊಂಡ ಬಳಿ ರೀ. ಅವತ್ತ ಒಡದಿತ್ತು. ನಾ ಮಣ್ಣಂತ ಒರಸಿದ್ನಲ್ರಿ." ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಬಸಣ್ಣನ ಟೆಂಪೋದಲ್ಲಿ ಕೊಲ್ಹಾಪುರಕ್ಕೆ ಹೊರಟೆವು. ಸಕ್ಕರೆ ಕಾಯಿಲೆ ಇರಬಹುದೆಂದು ನಾನು ಹೇಳಿದ್ದಕ್ಕೆ, "ಪೈಲವಾನಗ ಎಂಥಾ ಸಕ್ರಿ ಬ್ಯಾನಿ?" ಎಂದು ಪೈಲವಾನರು ದಾರಿಯುದ್ದಕ್ಕೂ ಗೊಣಗಿದರು. ಆಸ್ಪತ್ರೆಯ ರಕ್ತಪರೀಕ್ಷೆ ಅದಕ್ಕೆ ಉತ್ತರ ಕೊಟ್ಟಿತು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಅವರ ಪಾದಗಳ ನರಗಳನ್ನು ತಿಂದುಹಾಕಿತ್ತು. ಹೆಬ್ಬೆರಳು ಹೋಯಿತು; ಇನ್ನಷ್ಟು ತಡವಾಗಿದ್ದರೆ ಕಾಲೇ ಹೋಗುತ್ತಿತ್ತೆಂದು ವೈದ್ಯರು ಹೇಳಿದರು.

ಈಗ ಅವರು ಬೂಟು ತೊಟ್ಟು ತಮ್ಮನೊಡನೆ ಎಮ್ಮೆಗಳ ಹಿಂದೆ ನಡೆಯುತ್ತಾರೆ. ಗಂಗವ್ವ ನೆಲ ಒರೆಸುವುದು ಬಿಳಿ ಬಟ್ಟೆಯಿಂದ ಮಾತ್ರ.

ನರಗಳ ಜಡತೆಯ ಬಗ್ಗೆ ನಾನು ಬಹಳಷ್ಟು ಓದಿದ್ದೇನೆ, ಬರೆದಿದ್ದೇನೆ. ಆದರೂ ಆ ಮುಖ ಮಾತ್ರ ನನ್ನನ್ನು ಬಿಟ್ಟುಹೋಗಿಲ್ಲ: ಕಣ್ಣು ಮುಚ್ಚಿ, ಅಂಗಾಲಲ್ಲಿ ಗಾಜು ಹೊತ್ತು, ಅಲ್ಲಿಲ್ಲದ ಮಣ್ಣಿನ ತಂಪನ್ನು ಸವಿಯುತ್ತಿದ್ದ ಆ ಮುಖ.